ರಟ್ಟೆ ತುಂಬ ಬಳೆ

ಗರಗಸದ ಹಲ್ಲು ಬಳೆಗೆ ತಾಗಿತು. ರೂಪಿಬಾಯಿ ಬಳೆಗಾರನ ಮುಂದೆ ತೋಳು ಚಾಚಿ ಕೂತಿದ್ದಳು. ಮದುವೆಯಲ್ಲಿ ತೊಟ್ಟ ಆ ಬಿಳಿ ಬಳೆಗಳು ರಟ್ಟೆಯವರೆಗೂ ತುಂಬಿದ್ದವು; ಲಂಬಾಣಿ ತಾಂಡಾದಲ್ಲಿ ಅವನ್ನು ಕಳಚುವುದು ಗಂಡ ಸತ್ತಾಗ ಮಾತ್ರ. ಈಗ ಗಂಡ ಜೈರಾಮನೇ ಮುಂಡಗೋಡದ ಸಂತೆಯಲ್ಲಿ ಎದುರು ನಿಂತು ಕೊಯ್ಯಿಸುತ್ತಿದ್ದ. “ದಾಂಡೇಲಿ ಕಟ್ಟಿಗಿ ಡಿಪೋದಾಗ ಕೆಲಸಕ್ಕ ಹೋದ್ರ ಮಂದಿ ನೋಡಿ ನಗ್ತಾರ. ಗಾಜಿನ್ವು ಎರಡೆರಡು ಹಾಕ್ಕೊ, ಸಾಕು.”

ಬಳೆಗಾರ ನಬೀಸಾಬ ಗಾಜಿನ ಬಳೆ ಸುತ್ತಿಟ್ಟಿದ್ದ ಹಳೆಯ ಪತ್ರಿಕೆಯನ್ನು ಬಿಡಿಸಿದ. ಅದರಲ್ಲೊಂದು ಚಿತ್ರ: ಸೊಂಟದ ಮೇಲೆ ಕೈಯಿಟ್ಟು, ಯಾರ ಅಪ್ಪಣೆಯೂ ಬೇಡವೆಂಬಂತೆ ಗದ್ದ ಎತ್ತಿ ನಿಂತ ಹುಡುಗಿ. ಎಡತೋಳಿನ ತುಂಬ, ಹೆಗಲವರೆಗೂ ಬಳೆ.

“ಈಕಿ ಯಾವ ತಾಂಡಾದಾಕಿ, ಸಾಬಣ್ಣ?” ರೂಪಿಬಾಯಿ ಕೇಳಿದಳು.

“ತಾಂಡಾದಾಕಿ ಅಲ್ಲವ್ವಾ, ಕಂಚಿನ ಗೊಂಬಿ.” ನಬೀಸಾಬ ಅಕ್ಷರ ಕೂಡಿಸಿ ಓದಿದ. “ಸಿಂಧೂ ಹೊಳಿ ಕಡೆ ನೆಲ ಅಗಿಯೂ ಮುಂದ ಸಿಕ್ಕೈತಂತ. ಸಾವಿರಾರು ವರ್ಷದ ಹಿಂದ ಅಲ್ಲಿ ದೊಡ್ಡ ಪಟ್ಟಣ ಎದ್ದಿತ್ತಂತ. ಇಟ್ಟಂಗಿ ಮನಿ, ನೆಟ್ಟನ ಬೀದಿ, ಗಟಾರ, ಎಲ್ಲಾ.”

“ಆ ಪಟ್ಟಣದಾಗ ಈಕಿನ್ನ ನೋಡಿ ಯಾರರ ನಕ್ಕರಂತೇನು?”

“ನಗೂವಂಗ ಇದ್ದಿದ್ರ ಗೊಂಬಿ ಯಾಕ ಮಾಡ್ತಿದ್ರು?” ನಬೀಸಾಬ ಗರಗಸವನ್ನು ಕೆಳಗಿಟ್ಟ.

ರೂಪಿಬಾಯಿ ತೋಳನ್ನು ಹಿಂದಕ್ಕೆಳೆದುಕೊಂಡಳು. ಗೀರು ಬಿದ್ದ ಬಳೆಯನ್ನು ಓಢಣಿಯ ಅಂಚಿನಿಂದ ಒರೆಸಿದಳು. ಎದ್ದು ನಿಂತು, ಅದೇ ಕೈಯನ್ನು ಸೊಂಟದ ಮೇಲಿಟ್ಟಳು.

“ಇಷ್ಟು ಬಳಿ ತೊಟ್ಟಾಕಿ ಕಣ್ಣಮುಂದ ಪಟ್ಟಣಾನ ಎದ್ದೈತಿ,” ಎಂದಳು ಗಂಡನಿಗೆ. “ನಿಮ್ಮ ಡಿಪೋ ಯಾವ ಲೆಕ್ಕ? ನಡೀರಿ, ದಾಂಡೇಲಿಗೆ ಹೋಗೂಣು.”