ಹಣ್ಣಾದ ಹುಳ

"ಪೌಡರ್ ಹಚ್ಚಬ್ಯಾಡ ಯವ್ವಾ," ಎಂದು ಶೈಲಾ ಮುಖ ಆಚೆ ತಿರುಗಿಸಿದಳು. "ಹಚ್ಚಿಕೊಂಡ್ರ ಇವತ್ತ ಮತ್ತ ಹುಳದ ಮನಿಯೊಳಗ ಕಾಲಿಡಾಕ ಬರೂದಿಲ್ಲ. ಆ ವಾಸನಿ ಹುಳಕ್ಕ ಆಗೂದಿಲ್ಲ, ನಿನಗ ಗೊತ್ತಿಲ್ಲೇನ?"

ಗೊತ್ತಿಲ್ಲದೆ ಏನು. ತಾಯಿ ಶಾರದವ್ವ ಪೌಡರ್ ಡಬ್ಬಿ, ಮಲ್ಲಿಗೆ ದಂಡೆ ಹಿಡಿದುಕೊಂಡು ಹುಳದ ಮನೆಯ ಬಾಗಿಲಾಚೆಯೇ ನಿಂತಳು. ಅತ್ತ ಪಡಸಾಲೆಯಲ್ಲಿ ಹೆಣ್ಣು ನೋಡಲು ಬಂದವರು ಟ್ರ್ಯಾಕ್ಸ್ ಇಳಿದು ಆಗಲೇ ಕೂತಿದ್ದರು. ಶಿರಸಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹುಡುಗ ಶಿವಲಿಂಗಪ್ಪ, ಜೊತೆಗೆ ಅವನ ತಾಯಿ ಮುರಿಗೆವ್ವ. ಸೋಮವಾರ ಒಳ್ಳೆಯದೆಂದು ದಿನ ಇಟ್ಟವರು ಅವರೇ. ಹುಳಕ್ಕೆ ಸೋಮವಾರ, ಮಂಗಳವಾರ ಯಾರು ಹೇಳಿಕೊಡಬೇಕು? ಬನವಾಸಿ ಕಡೆ ಬಿಸಿಲು ಏರಿದ್ದೇ ತಡ, ರೇಷ್ಮೆ ಹುಳಗಳು ಒಂದು ದಿನ ಮೊದಲೇ ಹಣ್ಣಾಗಿಬಿಟ್ಟವು. ಸೊಪ್ಪು ತಿನ್ನುವುದು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಇನ್ನು ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಆ ಸುರುಳಿ ಸಂದುಗಳಲ್ಲೇ ಅವು ಗೂಡು ಕಟ್ಟುವುದು.

ಈ ಹುಳದ ಬೆಳೆ ಶೈಲಾ ತಾನೇ ಹಟ ಹಿಡಿದು ಇಟ್ಟದ್ದು. ಯುಗಾದಿಯ ದಿನ ಅಪ್ಪ ಚನ್ನಬಸವ ನಾಲ್ಕು ಜನರ ಎದುರಿಗೇ ಹೇಳಿದ್ದ: "ಬೆಳಿ ಚಲೋ ಬಂದ್ರ ಹುಳದ ಮನಿ ನಿಂದು. ನೀ ಹೂಂ ಅನ್ನೂತನಕ ಮದುವಿ ಸುದ್ದಿ ಎತ್ತೂದಿಲ್ಲ. ಕೆಟ್ಟರ ಮಾತ್ರ ನಾ ತೋರಿಸಿದಲ್ಲಿ ಆಗಬೇಕು." ಹಾಗೆಂದವನು ಹುಳ ಗೂಡು ಕಟ್ಟುವವರೆಗೂ ತಡೆಯಲಿಲ್ಲ. ಮನೆಬಾಗಿಲಿಗೆ ಬಂದ ಸಂಬಂಧ ಬಿಡಬಾರದೆಂದು ಇವರನ್ನು ಕರೆಸಿಬಿಟ್ಟ. ಆ ಸಿಟ್ಟು ಶೈಲಾಗೆ ಬೆಳಿಗ್ಗೆಯಿಂದ ಇತ್ತು. ಹೊಗೆ ಹುಳಕ್ಕೆ ತಾಗೀತೆಂದು ಅವಳು ಒಗ್ಗರಣೆಯನ್ನೇ ಹಾಕಗೊಟ್ಟಿರಲಿಲ್ಲ. ಹೀಗಾಗಿ ಬೀಗರಾಗಬೇಕಾದವರಿಗೆ ಉಪ್ಪಿಟ್ಟಿನ ಬದಲು ಬಾಳೆಹಣ್ಣು, ಸಕ್ಕರೆ ಬೆರೆಸಿದ ಅವಲಕ್ಕಿ.

ಚನ್ನಬಸವನೇ ಎದ್ದು ಬಂದ. "ಒಂದ್ ತಾಸ ಬಂದು ಕುಂದ್ರ ಮಗಳ. ನೋಡಿದ್ರ ಏನ ಸವದ ಹೋಗ್ತೀಯೇನ?"

"ಒಂದ್ ತಾಸ ಬಿಟ್ರ ಎರಡೆರಡ ಹುಳ ಕೂಡಿ ಒಂದ ಗೂಡ ಕಟ್ತಾವು. ಅದರ ನೂಲ ಬಿಚ್ಚಾಕ ಬರೂದಿಲ್ಲ. ಬೆಳಿ ಕೆಟ್ಟರ ಗೆಲ್ಲಾಂವ ನೀನ ಅಲ್ಲೇನಪ್ಪಾ?"

ಚನ್ನಬಸವನ ಮುಖ ಕಪ್ಪಿಟ್ಟಿತು. ಮಾತು ಬೆಳೆಸುವಷ್ಟರಲ್ಲಿ ಮುರಿಗೆವ್ವ ಹಿಂದೆಯೇ ಬಂದು ನಿಂತಿದ್ದಳು, ಅವಳ ಬೆನ್ನಿಗೆ ಮಗ. ತಲೆಗೆ ಹಳೇ ಟವೆಲ್ ಸುತ್ತಿ, ಸೆರಗು ಸಿಕ್ಕಿಸಿಕೊಂಡು ಹುಳ ಆರಿಸುತ್ತಿದ್ದ ಹುಡುಗಿಯನ್ನು ಮುರಿಗೆವ್ವ ಹೊಸ್ತಿಲಾಚೆಯಿಂದಲೇ ಅಡಿಯಿಂದ ಮುಡಿಯವರೆಗೆ ನೋಡಿದಳು. ಕೆಟ್ಟ ಹೆಂಗಸೇನಲ್ಲ, ನಕ್ಕಳು ಕೂಡ.

"ಇರಲಿ ಬಿಡ್ರಿ ಅಣ್ಣಾರ. ಕೆಲಸದ ಹುಡುಗಿ, ನಮಗೂ ಅಂಥಾಕೀನ ಬೇಕು. ಹಟ ಒಂಚೂರು ಜಾಸ್ತಿ ಐತಿ. ನಮ್ಮ ಮನಿಗಿ ಬಂದ ಮ್ಯಾಲ ಬದಲಾಗ್ತಾಳ. ಈ ಹುಳಾನ ಬದಲಾಗಿ ಪಾತರಗಿತ್ತಿ ಆಗೂದಿಲ್ಲೇನ?"

"ರೂಪಾಂತರ ಅಂತಾರವ್ವಾ ಅದಕ್ಕ," ಎಂದ ಶಿವಲಿಂಗಪ್ಪ, ಹುಡುಗಿಗೆ ಕೇಳಲೆಂದೇ. "ಒಂದ ರೂಪ ಬಿಟ್ಟು ಇನ್ನೊಂದ ರೂಪ ತಾಳೂದು. ಸಾಲ್ಯಾಗ ಓದಿದ್ದೆ."

"ನಾನೂ ಓದೀನ್ರಿ," ಎಂದಳು ಶೈಲಾ. ಕೈ ನಿಲ್ಲಲಿಲ್ಲ. ಒಂದು ಹುಳವನ್ನು ಮೆಲ್ಲಗೆ ಚಂದ್ರಿಕೆಗೆ ಬಿಟ್ಟು, ಮೊದಲ ಸಲ ತಲೆ ಎತ್ತಿ ಮುರಿಗೆವ್ವನನ್ನು ನೇರ ನೋಡಿದಳು.

"ಖರೇ ಅವ್ವಾರ, ಬದಲಾಗ್ತಾವು. ಆದ್ರ ಅಲ್ಲೀತನಕ ಬಿಡಾವ್ರು ಯಾರು? ಗೂಡ ಕಟ್ಟಿ ಮುಗಿಸಿದ ಮ್ಯಾಲ ನೂಲ ಬಿಚ್ಚಾಕ ಕುದಿಯೂ ನೀರಿಗೆ ಹಾಕ್ತಾರ. ಸಣ್ಣಾಕಿದ್ದಾಗಿಂದ ನೋಡಾಕತ್ತೀನಿ, ನಮ್ಮ ಮನ್ಯಾಗ ಒಂದಾದ್ರೂ ರೆಕ್ಕಿ ಬಿಚ್ಚಿದ್ದ ನಾ ಕಂಡಿಲ್ಲ."