ಐದು ಗುಬುಟು

ಗ್ರೈಂಡರನ್ನು ಇಂಜಿನ್ನಿನ ಮೈಗೆ ತಾಗಿಸುವ ಮೊದಲು ಮೆಕ್ಯಾನಿಕ್ ಕೈ ತಡೆದನು. ಹಳೆಯ ಕಾರು, ಎರಕದ ಕಬ್ಬಿಣದ ಇಂಜಿನ್ನು. ಅದರ ಪಕ್ಕೆಯ ಮೇಲಿನ ಗುರುತುಗಳನ್ನೆಲ್ಲ ಅವನು ಓದಿ ಮುಗಿಸಿದ್ದನು. ಅಂಕಿ ಇಸವಿಯದು, ಅರವತ್ತೆಂಟು. ತ್ರಿಕೋನವೆಂದರೆ ಹಗಲು ಪಾಳಿ. ಕೆಳಗೆ ಉಬ್ಬಿಕೊಂಡಿದ್ದ ಐದು ಸಣ್ಣ ಗುಬುಟುಗಳು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅಂಥವನ್ನು ಅವನು ಬೇರೆ ಯಾವ ಇಂಜಿನ್ನಿನ ಮೇಲೂ ಕಂಡಿರಲಿಲ್ಲ.

“ಅದಕ್ಕೇನು ಜಾತಕ ಬರೀತೀಯಾ? ಉಜ್ಜಿ ಬಣ್ಣ ಹೊಡಿ,” ಎಂದನು ಕಾರಿನ ಮಾಲೀಕ.

“ಸ್ವಲ್ಪ ತಡೀರಿ ಸಾರ್. ಈ ಎರಕ ನಮ್ಮೂರಿನ ಕಾರ್ಖಾನೇದೇ. ಅಲ್ಲಿ ಎರಕ ಹೊಯ್ಯೋಕೆ ಮರಳಚ್ಚು ಕಟ್ಟುತ್ತಿದ್ದೋರ ಹೆಂಡ್ತಿ ಹಿಂದಿನ ಬೀದೀಲೇ ಇದ್ದಾರೆ. ಕೇಳಿಬಿಡೋಣ.”

ಕಣ್ಣು ಮಂಜಾದ ಮುದುಕಿ ಕೋಲೂರಿಕೊಂಡು ಬಂದಳು. “ನಮ್ಮವರೂ ಹಿಂಗೇ ಕಣಪ್ಪ. ಬೀದೀಲಿ ಇಂಥ ಕಾರು ನಿಂತಿದ್ರೆ ಸಾಕು, ಬಾನೆಟ್ ಎತ್ತಿಸಿ ತಲೆ ತೂರಿಸೋರು. ಸಾಯೋವರೆಗೂ ಬಿಡಲಿಲ್ಲ. ಕಂಡೋರ ಕಾರಲ್ಲಿ ನಿಮ್ಮದೇನು ಕಳೆದುಹೋಗಿದೆ ಅಂತ ಬೈತಿದ್ದೆ. ‘ಕೆಲಸ ನೋಡ್ತಿದ್ದೆ ಕಣೇ’ ಅನ್ನೋರು.”

ಮೆಕ್ಯಾನಿಕ್ ಅವಳ ಕೈ ಹಿಡಿದು ಗುಬುಟುಗಳ ಮೇಲಿಟ್ಟನು. “ಅಚ್ಚಿನ ಮರಳಲ್ಲಿ ಐದು ಕುಳಿ ಬಿದ್ದಿವೆ ದೊಡ್ಡಮ್ಮ. ಕುಳಿಗೆ ಕಬ್ಬಿಣ ತುಂಬಿ ಹೀಗೆ ಉಬ್ಬಿದೆ. ಇದು ಯಾವ ಗುರುತು?”

ನಾಲ್ಕು ಒತ್ತೊತ್ತಾಗಿದ್ದವು, ಒಂದು ಕೊಂಚ ಕೆಳಗೆ, ಓರೆಯಾಗಿತ್ತು. ಐದೂ ಅವಳ ಒಂದು ಅಂಗೈಯಡಿ ಅಡಗಿಹೋದವು. ಅವಳು ಕೈ ತೆಗೆಯಲಿಲ್ಲ.

“ಇದರ ಮೇಲೆ ಇಸವಿ ಯಾವುದಿದೆ?”

“ಅರವತ್ತೆಂಟು.”

“ಮಗಳಿಗೆ ಆಗ ಮೂರು ವರ್ಷ. ಬುತ್ತಿ ಕೊಡೋಕೆ ಹೋಗಿದ್ದೆ. ಕಂಕುಳಲ್ಲಿದ್ದೋಳು ಜಾರಿ ಇಳಿದು, ಕಟ್ಟಿಟ್ಟ ಅಚ್ಚಿಗೆ ಬೆರಳು ಒತ್ತೇಬಿಟ್ಟಳು. ಮೇಸ್ತ್ರಿ ಕೂಗಾಡಿದ. ಇವರು ‘ಅಳಿಸಿಬಿಟ್ಟೆ’ ಅಂತ ಅವನಿಗೂ ಹೇಳಿದ್ರು, ನನಗೂ ಹೇಳಿದ್ರು. ಮುಂದಿನ ತಿಂಗಳೇ ಅವಳಿಗೆ ಜ್ವರ ಬಂತು. ಕೊಟ್ಟವನೇ ಕರಕೊಂಡ.”

ಮಾಲೀಕನು ಬಗ್ಗಿ ಗ್ರೈಂಡರಿನ ತಂತಿಯನ್ನು ಗೋಡೆಯಿಂದ ಕಿತ್ತನು. “ಅಷ್ಟು ಜಾಗಕ್ಕೆ ಬಣ್ಣಾನೂ ಬೇಡ,” ಎಂದನು.

ಮುದುಕಿ ಅಂಗೈಯನ್ನು ಹಾಗೆಯೇ ಒತ್ತಿ ಹಿಡಿದು ಮೆಕ್ಯಾನಿಕ್ಕನ ಕಡೆಗೆ ಮುಖ ತಿರುಗಿಸಿದಳು.

“ತುಂಬಾ ತಣ್ಣಗಿದೆಯಪ್ಪ. ಗಾಡಿ ಓಡಿಸಿದ್ರೆ ಬೆಚ್ಚಗಾಗುತ್ತಾ?”