ಚಪ್ಪಟೆ ತಲೆಯ ಬ್ಯಾಟರಿ

ಹೊಸ ಬ್ಯಾಟರಿ ಹಾಕಿ ಗುಂಡಿ ಒತ್ತಿದರೆ ಟಾರ್ಚ್ ಮಿಣುಕ್ ಎನ್ನಲಿಲ್ಲ. ಗಂಡ ಅದನ್ನು ಅಂಗೈಗೆ ಬಡಿದ, ಕಿವಿಯ ಹತ್ತಿರ ಅಲ್ಲಾಡಿಸಿದ, ಕೊನೆಗೆ ಟಾರ್ಚ್ ಮಾಡಿದವನಿಗೇ ಬುದ್ಧಿಯಿಲ್ಲ ಎಂದು ತೀರ್ಪು ಕೊಟ್ಟ. ಹೆಂಡತಿ ಹಳೆಯ ಬ್ಯಾಟರಿಯನ್ನು ತಂದು ಹೊಸದರ ಪಕ್ಕ ನಿಲ್ಲಿಸಿದಳು. ಹಳೆಯದರ ತಲೆಯ ಮೇಲೊಂದು ಪುಟ್ಟ ಗುಬುಟಿತ್ತು. ಹೊಸದರದು ಬೋಳು ಚಪ್ಪಟೆ. ಒಳಗಿನ ತಗಡಿಗೆ ಅದು ಮುಟ್ಟುತ್ತಲೇ ಇರಲಿಲ್ಲ.

"ರೀ, ಅಂಗಡಿಗೆ ಹೋಗಿ ಬದಲಾಯಿಸ್ಕೊಂಡು ಬನ್ನಿ. ನಾಳೆಯಿಂದ ನನಗೆ ನೆಲಮಾಳಿಗೆಗಳ ಕೆಲಸ."

ಅವಳದು ಮನೆಮನೆಯ ನೀರಿನ ಮೀಟರ್ ಓದುವ ಕೆಲಸ. ಈ ವಾರ ಪಾಲಿಗೆ ಬಂದಿದ್ದವು ಹಳೆಯ ಕಟ್ಟಡಗಳು. ಬಲ್ಬಿಲ್ಲದ ಮೆಟ್ಟಿಲು, ಮುಚ್ಚಳವಿಲ್ಲದ ಗುಂಡಿ. ಆದರೆ ಚಪ್ಪಟೆ ತಲೆಯದು ಎಲ್ಲ ಟಾರ್ಚಿಗೂ ಆಗಲ್ಲ ಎಂದು ಅಂಗಡಿಯವನು ಮೊದಲೇ ಎಚ್ಚರಿಸಿದ್ದಾಗ "ನನಗೇ ಹೇಳಿಕೊಡ್ತೀಯಾ" ಎಂದು ಗದರಿ ಬಂದಿದ್ದ ಗಂಡ ಈಗ ಯಾವ ಮುಖ ಇಟ್ಟುಕೊಂಡು ಹೋದಾನು? ಗುಬುಟನ್ನು ತಾನೇ ಕೂರಿಸುತ್ತೇನೆ, ಅದೂ ಪೂರ್ತಿ ಸುರಕ್ಷಿತವಾಗಿ ಎಂದ.

ಮೊದಲ ದಿನವೆಲ್ಲ ಫೋನಿನಲ್ಲಿ ಅಧ್ಯಯನ. ಅಯಸ್ಕಾಂತದ ಬಿಲ್ಲೆ ಇಟ್ಟರೆ ಜಾರಿ ಶಾರ್ಟ್ ಆಗುತ್ತದಂತೆ, ನೇರ ಬೆಸುಗೆ ಹಾಕಿದರೆ ಕಾದು ಸಿಡಿಯುತ್ತದಂತೆ. ಮಾತು ಸುಳ್ಳಲ್ಲ, ಹಾಗಾಗಿ ಅವಳಿಗೆ ಎದುರಾಡಲೂ ಆಗಲಿಲ್ಲ. ಎರಡನೇ ದಿನ ಕೈಗವಸು, ಕನ್ನಡಕ, ಒಂದು ಬಕೆಟ್ ಮರಳು ಬಂದವು. ಅತ್ತೆಯನ್ನು ಕುರ್ಚಿ ಸಮೇತ ಹೊರಗಿನ ಜಗಲಿಗೆ ಸಾಗಿಸಲಾಯಿತು. ಮಗ ಏನೋ ದೊಡ್ಡದನ್ನೇ ಮಾಡುತ್ತಿದ್ದಾನೆಂದು ಅತ್ತೆ ಬೀಗಿದರು. ಅಂತೂ ಹಿತ್ತಾಳೆಯ ಬಿಲ್ಲೆ ಕೂತಿತು. ಈಗ ಬ್ಯಾಟರಿ ಉದ್ದವಾಗಿ ಟಾರ್ಚಿನ ಮುಚ್ಚಳವೇ ಕೂರಲಿಲ್ಲ.

ಅತ್ತ ಅವಳು ಕತ್ತಲೆಯ ಮೆಟ್ಟಿಲಿಳಿಯುತ್ತಿದ್ದಳು. ಒಂದು ಕೈಯಲ್ಲಿ ಫೋನಿನ ಬೆಳಕು, ಇನ್ನೊಂದರಲ್ಲಿ ಲೆಕ್ಕದ ಪುಸ್ತಕ. ಕಂಬಿ ಹಿಡಿಯಲು ದೇವರು ಮೂರನೇ ಕೈ ಕೊಟ್ಟಿರಲಿಲ್ಲ. ಎರಡು ಸಲ ಬೀಳುವುದು ಕೂದಲೆಳೆಯಲ್ಲಿ ತಪ್ಪಿತ್ತು. ಮೂರನೇ ದಿನ ಬೆಳಿಗ್ಗೆ ಭಯ ತಡೆಯಲಾರದೆ, ನಾನೇ ಹೋಗಿ ಬದಲಾಯಿಸ್ತೀನಿ, ಕೊಡಿ ಎಂದಳು.

"ಅರ್ಧ ಕೆಲಸ ಆಗಿರೋ ಬ್ಯಾಟರಿ ಯಾರು ವಾಪಸ್ ತಗೋತಾರೆ? ಸ್ವಲ್ಪ ತಲೆ ಉಪಯೋಗಿಸು," ಎಂದ ಗಂಡ, ಬಿಲ್ಲೆಗೆ ಅರ ಉಜ್ಜುತ್ತ.

ನಾಲ್ಕನೇ ದಿನ ಅವಳು ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟಳು, ಇರಲಿಲ್ಲ. ಆ ಕಟ್ಟಡದ ಕಾವಲುಗಾರನೇ ಅವಳನ್ನು ಆಸ್ಪತ್ರೆಗೆ ಸಾಗಿಸಿದ. ಪಾದದ ಮೂಳೆ ಎರಡು ಕಡೆ ಮುರಿದಿತ್ತು.

ಗಂಡ ಏದುಸಿರು ಬಿಡುತ್ತ ವಾರ್ಡಿಗೆ ಬಂದ. ಬಾಡಿದ ಆ ಮುಖ ಕಂಡು ಅವಳಿಗೆ ಪಾಪ ಅನ್ನಿಸಿತು. ಬೈಯಲು ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ನುಂಗಿಕೊಂಡಳು. ಅವನು ಮಂಚದ ಅಂಚಿಗೆ ಕೂತು, ನೋವಿದೆಯಾ ಎಂದು ವಿಚಾರಿಸಿ, ಮೆಲ್ಲಗೆ ಜೇಬಿನಿಂದ ಟಾರ್ಚ್ ತೆಗೆದು ಗುಂಡಿ ಒತ್ತಿದ. ಬೆಳಕು ಝಗ್ಗನೆ ಅವಳ ಪ್ಲಾಸ್ಟರ್ ಕಾಲಿನ ಮೇಲೆ ಬಿತ್ತು.

"ನೋಡು," ಎಂದ, "ಇಷ್ಟೆಲ್ಲ ಮಾಡಿದ್ರೂ ಯಾರಿಗೂ ಒಂದು ಗೀರೂ ಆಗಲಿಲ್ಲ."